ಮುಖ ನೋಡಿದ್ರೆ ಸಾಲದು, ಕಾಗದ ಬೇಕು

ನಾನು ಉತ್ತರ ಕನ್ನಡದ ಸಿದ್ದಿ ಹುಡುಗಿ. ಬಸ್ಸಲ್ಲಿ ಕೂತ್ರೆ ಸಾಕು, ‘ಆಫ್ರಿಕಾದವ್ರಾ?’ ಅಂತಾರೆ. ಜಾತಿ ಪ್ರಮಾಣಪತ್ರ ಕೇಳೋಕೆ ಹೋದ್ರೆ ಮಾತ್ರ, ‘ಸಿದ್ದಿ ಅನ್ನೋದಕ್ಕೆ ದಾಖಲೆ ಏನಿದೆ?’

ಅಪ್ಪನ ಶಾಲೆ ದಾಖಲೆಯಲ್ಲಿ ಜಾತಿ ಕಾಲಂನಲ್ಲಿರೋದು ‘ಮುಸ್ಲಿಂ’ ಅಂತ ಅಷ್ಟೇ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಇದ್ದೀವಿ. ಪರಿಶಿಷ್ಟ ಪಂಗಡಕ್ಕೆ ಧರ್ಮ ಅಡ್ಡಿಯಲ್ಲ. ನಮ್ಮ ಜಿಲ್ಲೆಯ ಸಿದ್ದಿಗಳು ಪಟ್ಟಿಗೆ ಸೇರಿದ್ದು 2003ರಲ್ಲಿ. ಕಲಘಟಗಿ ಕಡೆ ಇರೋ ಚಿಕ್ಕಪ್ಪ, ಅಪ್ಪನ ಒಡಹುಟ್ಟಿದ ತಮ್ಮ ಕಣ್ರೀ, 2020ರವರೆಗೆ ಕಾಯ್ಬೇಕಾಯ್ತು. ಯಾಕಂದ್ರೆ ಅದು ಧಾರವಾಡ ಜಿಲ್ಲೆ!

ಕೊನೆಗೆ ವಿಎ ಸಾಹೇಬ್ರು ಊರಿಗೇ ಬಂದು ಪಂಚನಾಮೆ ಮಾಡಿದ್ರು. ಅಜ್ಜಿ ಹೆಬ್ಬೆಟ್ಟು ಒತ್ತಿದ್ರು. ನರ್ಸಿಂಗ್ ಸೀಟಿನ ದಾಖಲೆ ಪರಿಶೀಲನೆಗೆ ಇನ್ನು ನಾಲ್ಕೇ ದಿನ. ಪ್ರಮಾಣಪತ್ರ ಇನ್ನೂ ಕೈಗೆ ಬಂದಿಲ್ಲ.