ತೂಕ, ಅಶ್ವಶಕ್ತಿ ಮತ್ತು ಸರಿಜೋಡಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ವಾಹನ ರಿಪೇರಿ ನನ್ನ ಕಸುಬು. ಹುಬ್ಬಳ್ಳಿಯ ನನ್ನ ಗ್ಯಾರೇಜಿಗೆ ಬರುವ ಹುಡುಗರು ಮೊದಲು ಕೇಳುವುದು, "ಕಾಕಾ, ಈ ಗಾಡಿ ಎಷ್ಟು ಎಚ್.ಪಿ.?" ಎಂದು. "ತೂಕ ಎಷ್ಟು?" ಎಂದು ಯಾರೂ ಕೇಳುವುದಿಲ್ಲ.

ಡ್ರ್ಯಾಗ್ ರೇಸ್ ಎಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ಓಡುವ ಪಂದ್ಯ. 1,500 ಕಿಲೋ ತೂಗುವ 120 ಅಶ್ವಶಕ್ತಿಯ ಕಾರು ಒಂದು, 800 ಕಿಲೋದ 80 ಅಶ್ವಶಕ್ತಿಯ ಕಾರು ಇನ್ನೊಂದು. ಭಾಗಿಸಿ ನೋಡಿರಿ. ಮೊದಲನೆಯದರಲ್ಲಿ ಒಂದು ಅಶ್ವಶಕ್ತಿಯ ಪಾಲಿಗೆ 12.5 ಕಿಲೋ ಹೊರೆ, ಎರಡನೆಯದರಲ್ಲಿ 10 ಕಿಲೋ. ಉಳಿದದ್ದೆಲ್ಲ ಸಮನಾಗಿದ್ದರೆ ಸಣ್ಣ ಕಾರೇ ಮುಂದೆ.

ಅಮೆರಿಕದಲ್ಲಿ 1951ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಟಾಕ್ ಕಾರುಗಳನ್ನು ಇದೇ ಭಾಗಾಕಾರದಿಂದ ವರ್ಗ ಮಾಡುತ್ತದೆ. ಕಂಪನಿ ಹೇಳಿದ ಅಶ್ವಶಕ್ತಿಯನ್ನು ಸುಮ್ಮನೆ ನಂಬುವುದಿಲ್ಲ. ಓಟ ನೋಡಿ ಅಂಕಿಯನ್ನು ತಿದ್ದುತ್ತದೆ. ಚಾಲಕನನ್ನೂ ಸೇರಿಸಿ ಕನಿಷ್ಠ ತೂಕ ಇರಲೇಬೇಕು. ಕಡಿಮೆ ಬಿದ್ದರೆ ಭಾರ ಹೇರಿ ಭದ್ರವಾಗಿ ಬಿಗಿಯಬೇಕು. ನಮ್ಮ ದೇಶದ ಸ್ಪರ್ಧೆಗಳಲ್ಲಿ ಹೆಚ್ಚಾಗಿ ಎಂಜಿನ್ನಿನ ಸಿ.ಸಿ. ನೋಡಿ ವರ್ಗ ಮಾಡುತ್ತಾರೆ.

ಇದು ನಮಗೆ ಹೊಸದೇನಲ್ಲ. ನಮ್ಮ ಕಡೆ ಕುಸ್ತಿಗೆ ಜೋಡಿ ನೋಡಿಯೇ ಪೈಲ್ವಾನರನ್ನು ಬಿಡುತ್ತಾರೆ. ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಎಳೆಯುವ ಕಲ್ಲಿಗೂ ಒಂದೂವರೆ, ಎರಡು, ಎರಡೂವರೆ ಟನ್ ಎಂಬ ಲೆಕ್ಕವಿದೆ. ಸರಿಜೋಡಿ ಇದ್ದರೆ ಮಾತ್ರ ಗೆದ್ದವನಿಗೆ ಮರ್ಯಾದೆ, ಸೋತವನಿಗೆ ಸಮಾಧಾನ.

ಕನಿಷ್ಠ ತೂಕದ ನಿಯಮಕ್ಕೆ ಇನ್ನೊಂದು ಗುಣವಿದೆ. ಅದಿಲ್ಲದಿದ್ದರೆ ಗೆಲ್ಲುವ ಹಟಕ್ಕೆ ಜೀವ ಕಾಯುವ ಭಾಗಗಳನ್ನೇ ಕಳಚುವವರಿದ್ದಾರೆ. ಬೈಕಿನ ಕನ್ನಡಿ, ಮಡ್‌ಗಾರ್ಡ್ ಬಿಚ್ಚಿ, ರಾತ್ರಿ ಬೈಪಾಸ್ ಹಿಡಿಯಲು ಹೊರಟ ಮಕ್ಕಳನ್ನು ನಾನು ಕಂಡಿದ್ದೇನೆ. ಅಂಥ ಕೆಲಸವನ್ನು ನಾನು ಮಾಡಿಕೊಡುವುದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದ ರೇಸ್ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಂತೆ ಅಪರಾಧ. ಅಲ್ಲಿ ವರ್ಗವೂ ಇಲ್ಲ, ತೂಕದ ಕಾಟಾವೂ ಇಲ್ಲ. ಎದುರಿಗೆ ಬರುವ ಲಾರಿ ಸರಿಜೋಡಿಯಲ್ಲ.

ಮಕ್ಕಳೇ, ವೇಗದ ಆಸೆ ತಪ್ಪಲ್ಲ, ಅದನ್ನು ಲೆಕ್ಕಕ್ಕೆ ಹಚ್ಚಿರಿ. 75 ಕಿಲೋವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಒಂದು ಅಶ್ವಶಕ್ತಿ. 45 ಕಿಲೋ ತೂಗುವ ಹುಡುಗಿ 3 ಮೀಟರ್ ಎತ್ತರದ ಮೆಟ್ಟಿಲನ್ನು 3 ಸೆಕೆಂಡಿನಲ್ಲಿ ಹತ್ತಿದರೆ ಅವಳ ಶಕ್ತಿ 0.6 ಅಶ್ವಶಕ್ತಿ. ಈ ಲೆಕ್ಕ ಮಾಡಲು ನಮ್ಮ ಶಾಲೆಯ ವಿಜ್ಞಾನ ಕೋಣೆಗೆ ಒಂದು ತೂಕದ ಯಂತ್ರ, ಎರಡು ಸ್ಟಾಪ್‌ವಾಚ್ ಕೊಡುತ್ತಿದ್ದೇನೆ. ಗುರುಗಳು ಸ್ವೀಕರಿಸಬೇಕು.