‘ತಾತ್ಕಾಲಿಕ’ವೆಂಬ ಮಾತು

ಇಂದು ನಾವು ಒಂದು ಸಣ್ಣ ಮಾತಿನ ಹಿರಿಮೆಯನ್ನು ಹೇಳಹೊರಟಿದ್ದೇವೆ.

ಎಲುಬಿನ ಮಜ್ಜೆಯಲ್ಲಿ ಬಿಳಿಯ ರಕ್ತಕಣಗಳು ಬಲಿಯದೆಯೇ ಮಿತಿಮೀರಿ ಹೆಚ್ಚುವ ರೋಗಕ್ಕೆ ತೀವ್ರ ಲ್ಯುಕೀಮಿಯ ಎಂದು ಹೆಸರು. ಹಿಂದೆ ಅದು ಮಕ್ಕಳಿಗೆ ಬಂದಿತೆಂದರೆ ಕೆಲವೇ ತಿಂಗಳುಗಳಲ್ಲಿ ಮರಣವು ಬಹುಮಟ್ಟಿಗೆ ನಿಶ್ಚಯವಾಗಿದ್ದಿತು.

ಫೋಲಿಕ್ ಆಮ್ಲವೆಂಬ ಜೀವಸತ್ತ್ವವಿಲ್ಲದೆ ರಕ್ತಕಣಗಳು ಹೆಚ್ಚಲಾರವು. ರೋಗದ ಕಣಗಳಿಗೂ ಅದು ಬೇಕು. ಹಾಗಿದ್ದಲ್ಲಿ ಅದರ ಕೆಲಸವನ್ನೇ ತಡೆದರೆ ಹೇಗೆಂದು ಬಾಸ್ಟನ್ ನಗರದ ವೈದ್ಯರಾದ ಸಿಡ್ನಿ ಫಾರ್ಬರ್ ಆಲೋಚಿಸಿದರು. ಆಂಧ್ರದ ಭೀಮಾವರಂನಲ್ಲಿ ಜನಿಸಿ ಅಮೆರಿಕೆಯಲ್ಲಿ ನೆಲಸಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ಪ್ರಯೋಗಶಾಲೆಯು, ರೂಪದಲ್ಲಿ ಆ ಆಮ್ಲವನ್ನು ಹೋಲುತ್ತ ಕಾರ್ಯದಲ್ಲಿ ಅದಕ್ಕೆ ಅಡ್ಡಬರುವ ಅಮಿನಾಪ್ಟೆರಿನ್ ಎಂಬ ಮದ್ದನ್ನು ಒದಗಿಸಿತು.

1948ರಲ್ಲಿ ಫಾರ್ಬರ್ ಅವರು ಫಲವನ್ನು ಪ್ರಕಟಿಸಿದರು. ಮದ್ದು ಪಡೆದ 16 ಮಕ್ಕಳಲ್ಲಿ 10 ಮಂದಿಗೆ ಗುಣ ಕಂಡಿದ್ದಿತು. ಆದರೂ ಆ ಲೇಖನದ ತಲೆಬರೆಹದ ಮೊದಲ ಮಾತೇ ‘ತಾತ್ಕಾಲಿಕ’ ಎಂಬುದು. ರೋಗವು ಮರಳಿ ಬರುತ್ತಿದ್ದಿತು.

ಆಸೆಯಿಂದ ಕಾದಿರುವ ತಾಯಿತಂದೆಗಳ ಮುಂದೆ ಆ ಮಾತನ್ನಾಡುವುದು ಸುಲಭವಲ್ಲ. ಆದರೆ ಅದನ್ನು ಮರೆಮಾಚದುದರಿಂದಲೇ ಕೆಲಸವು ಮುಂದುವರಿಯಿತು. ಒಂದೇ ಮದ್ದು ಸಾಲದೆಂದು ಕಂಡು, ಮುಂದಿನವರು ಹಲವನ್ನು ಕೂಡಿಸಿ ಪರೀಕ್ಷಿಸಿದರು. ಇಂದು ಒಳ್ಳೆಯ ಚಿಕಿತ್ಸೆ ದೊರೆಯುವೆಡೆಗಳಲ್ಲಿ ಇಂತಹ ಮಕ್ಕಳಲ್ಲಿ ಬಹುಪಾಲು ಬದುಕಿ ಬೆಳೆಯುತ್ತಾರೆ.

ಗೆಲವನ್ನು ಇದ್ದಷ್ಟೇ ಹೇಳಿದವರಿಗೆ ನಾವು ಋಣಿಗಳು.