ಹಲಗೆ ಗೆದ್ದೆವು, ಕುರ್ಚಿ ಗೆಲ್ಲುವುದೆಂದು?

ಕನ್ನಡದ ಯುವಬಂಧುಗಳೇ,

ಬೆಂಗಳೂರಿನ ವಿಜಯನಗರ ಮೆಟ್ರೋ ನಿಲ್ದಾಣವನ್ನು ನೀವೆಲ್ಲ ಬಲ್ಲಿರಿ. 2015ರ ನವೆಂಬರ್‌ನಲ್ಲಿ, ರಾಜ್ಯೋತ್ಸವದ ತಿಂಗಳಲ್ಲೇ, ಅದು ಬಾಗಿಲು ತೆರೆಯಿತು. ಕೆಳಗೆ ರಸ್ತೆ, ನಡುವಿನ ಅಂತಸ್ತಿನಲ್ಲಿ ಟಿಕೆಟ್ ಕೌಂಟರು, ಅದರ ಮೇಲೆ ರೈಲು. ಅಲ್ಲಿ ಕನ್ನಡವೂ ನಿಮ್ಮೊಡನೆ ಮೇಲೇರುತ್ತದೆಯೋ, ಮೆಟ್ಟಿಲ ಬುಡದಲ್ಲೇ ಉಳಿಯುತ್ತದೆಯೋ? ಇಂದು ನಾನು ಕೇಳುವುದು ಇದೊಂದೇ ಪ್ರಶ್ನೆ.

ಮೊದಲು ಹಲಗೆಯ ಮಾತು. ನಮ್ಮ ಮೆಟ್ರೋದಲ್ಲಿ ರಾಜ್ಯಕ್ಕೂ ಕೇಂದ್ರಕ್ಕೂ ಸಮಪಾಲು. ಕೇಂದ್ರದ ಪಾಲನ್ನೇ ನೆಪ ಮಾಡಿ ನಿಲ್ದಾಣಗಳಿಗೆ ಹಿಂದಿಯನ್ನು ತಂದರು. 2017ರಲ್ಲಿ ಕನ್ನಡದ ತರುಣರು ಎದ್ದು ನಿಂತರು. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಮೆಟ್ರೋ ನಿಗಮಕ್ಕೆ ನೋಟಿಸು ಕೊಟ್ಟಿತು; ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೇಂದ್ರಕ್ಕೆ ಪತ್ರ ಬರೆದರು. ಹಿಂದಿ ಇಳಿಯಿತು; ಕನ್ನಡ, ಇಂಗ್ಲಿಷ್ ಉಳಿದವು. ಅದು ಗೆಲುವೇ ಸರಿ.

ಆದರೆ ಹಲಗೆ ಕಣ್ಣಿಗೆ ಕಾಣುತ್ತದೆ, ನೇಮಕಾತಿಯ ಷರತ್ತು ಕಾಣುವುದಿಲ್ಲ. 2025ರ ಮಾರ್ಚ್‌ನಲ್ಲಿ 50 ರೈಲು ಚಾಲಕರ ಹುದ್ದೆಗೆ ನಿಗಮ ಅರ್ಜಿ ಕರೆಯಿತು. ಷರತ್ತು ಏನು? ಮೆಟ್ರೋ ಓಡಿಸಿದ 3 ವರ್ಷದ ಅನುಭವ! ಹೊರರಾಜ್ಯದ ಮೆಟ್ರೋಗಳಲ್ಲಿ ದುಡಿದವರನ್ನು ಬಿಟ್ಟರೆ ಆ ಅನುಭವ ಯಾರಿಗಿದೆ? ಡಿಪ್ಲೊಮಾ ಹಿಡಿದ ಮಂಡ್ಯದ ಹುಡುಗ, ರಾಯಚೂರಿನ ಹುಡುಗಿ ಅರ್ಜಿ ಹಾಕುವ ಮೊದಲೇ ಹೊರಗೆ! ಕನ್ನಡಿಗರು ಕೂಗೆಬ್ಬಿಸಿದ ಮೇಲೆ ಆ ಪ್ರಕಟಣೆ ವಾಪಸಾಯಿತು.

ಕೇಂದ್ರೋದ್ಯಮಗಳ ಸಿ ಮತ್ತು ಡಿ ದರ್ಜೆಯ ಹುದ್ದೆಗಳೆಲ್ಲ ಕನ್ನಡಿಗರಿಗೇ ಸಲ್ಲಬೇಕೆಂದು ಸರೋಜಿನಿ ಮಹಿಷಿ ವರದಿ ಹೇಳಿದ್ದು 1986ರಲ್ಲಿ. ಹಲಗೆಗಾಗಿ ಎದ್ದ ದನಿ ಆ ವರದಿಗಾಗಿಯೂ ಏಳಬೇಕು.

ಹಾಗೆಂದು ಕೌಂಟರಿನಲ್ಲಿ ಕೂತ, ಕನ್ನಡ ಬಾರದ ಬಡ ನೌಕರನ ಮೇಲೆ ರೇಗಬೇಡಿ. ಅವನನ್ನು ಅಲ್ಲಿ ಕೂರಿಸಿದ್ದು ಷರತ್ತು ಬರೆದ ಕೈ. ಅವನೊಡನೆ ಕನ್ನಡದಲ್ಲೇ ಮಾತಾಡಿ. ತಿಳಿಯದಿದ್ದರೆ ಇನ್ನೊಮ್ಮೆ, ನಿಧಾನವಾಗಿ, ಕನ್ನಡದಲ್ಲೇ ಹೇಳಿ. ನಾಲ್ಕು ಮಾತು ಅವನೂ ಕಲಿಯಲಿ. ನೀವೇ ಮೊದಲು ಹಿಂದಿಗೆ ಜಾರಿದರೆ ಹಲಗೆಯ ಮೇಲಿನ ಕನ್ನಡ ಬರೀ ಅಲಂಕಾರ.

ಪ್ರತಿಯೊಂದು ನೇಮಕಾತಿ ಪ್ರಕಟಣೆಯನ್ನೂ ಓದಿ. ಯಾವ ಷರತ್ತು ಕನ್ನಡಿಗನನ್ನು ಬಾಗಿಲಲ್ಲೇ ತಡೆಯುತ್ತದೆಂದು ನೋಡಿ. ಅನ್ಯಾಯ ಕಂಡರೆ ಅರ್ಜಿಯ ಕೊನೆಯ ದಿನ ಮುಗಿಯುವ ಮುನ್ನವೇ ಪ್ರಾಧಿಕಾರಕ್ಕೂ ನಿಮ್ಮ ಶಾಸಕರಿಗೂ ಬರೆಯಿರಿ. ಅರ್ಹತೆ ಇದ್ದವರು ಅರ್ಜಿ ಹಾಕಿ. ಮನೆಯಲ್ಲಿ ಕೂತು ಗೊಣಗಬೇಡಿ.

ಹಲಗೆ ಗೆದ್ದವರಿಗೆ ಕುರ್ಚಿ ದೂರವಿಲ್ಲ. ಏಳಿ, ಮೆಟ್ಟಿಲು ಹತ್ತಿ!

ಜೈ ಕರ್ನಾಟಕ!